ಶಿರಸಂಗಿ ಲಿಂಗರಾಜರು: ವಾರಸುದಾರರ ಕೈಸೇರದ ದೇಸಗತಿ

2024ರ ಏಪ್ರಿಲ್ ಕೊನೆಯ ವಾರ, ಲೋಕಸಭಾ ಚುನಾವಣೆಯ ಪ್ರಚಾರ ಕಾವೇರಿದ್ದಾಗ, ಪಿತ್ರಾರ್ಜಿತ ಆಸ್ತಿಯ ಮೇಲಿನ ತೆರಿಗೆ ದಿಢೀರನೆ ದೇಶದ ಚರ್ಚೆಯಾಯಿತು. ಸಾಗರೋತ್ತರ ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದ ಸ್ಯಾಮ್ ಪಿತ್ರೋಡಾ ಅವರು ಅಮೆರಿಕದಲ್ಲಿರುವ ಇಂತಹ ತೆರಿಗೆಯನ್ನು ಉಲ್ಲೇಖಿಸಿ, ಅದು ಚರ್ಚೆಗೆ ಯೋಗ್ಯವೆಂಬ ಅರ್ಥದಲ್ಲಿ ಮಾತನಾಡಿದ್ದೇ ನೆಪವಾಯಿತು. ಬಿಜೆಪಿ ಅದನ್ನು ಸಭೆ ಸಭೆಗಳಲ್ಲಿ ಎತ್ತಿಕೊಂಡಿತು. ಅದು ವ್ಯಕ್ತಿಯೊಬ್ಬರ ಸ್ವಂತ ಅಭಿಪ್ರಾಯವೆಂದು ಹೇಳಿ ಕಾಂಗ್ರೆಸ್ ಕೈತೊಳೆದುಕೊಂಡಿತು. ಬೆಳಗಾವಿ, ಧಾರವಾಡ, ವಿಜಯಪುರ ಸೇರಿದಂತೆ ಉತ್ತರ ಕರ್ನಾಟಕದ ಕ್ಷೇತ್ರಗಳಲ್ಲಿ ಮೇ 7ರಂದು ಮತದಾನ ಮುಗಿಯಿತು. ಚರ್ಚೆಯೂ ಬಂದಷ್ಟೇ ವೇಗವಾಗಿ ತಣ್ಣಗಾಯಿತು.

ಸತ್ತವನ ಆಸ್ತಿಯಲ್ಲಿ ಸಮಾಜಕ್ಕೆ ಪಾಲಿದೆಯೇ, ಇದ್ದರೆ ಅದನ್ನು ಯಾರು ಗೊತ್ತುಪಡಿಸಬೇಕು ಎಂಬ ಪ್ರಶ್ನೆ ಈ ಭಾಗಕ್ಕೆ ಹೊಸದಲ್ಲ. ಇದೇ ಬೆಳಗಾವಿ ಜಿಲ್ಲೆಯ ದೇಸಾಯಿಯೊಬ್ಬರು ಆ ಚುನಾವಣೆಗೆ 118 ವರ್ಷ ಮೊದಲೇ, ಯಾವ ಕಾನೂನಿನ ಒತ್ತಾಯವೂ ಇಲ್ಲದೆ, ತಮ್ಮ ಮಟ್ಟಿಗೆ ಅದಕ್ಕೆ ಉತ್ತರ ಬರೆದಿಟ್ಟು ಹೋದರು. ಅವರು ತ್ಯಾಗವೀರ ಎಂಬ ಬಿರುದಿನಿಂದ ಕನ್ನಡಿಗರಿಗೆ ಪರಿಚಿತರಾದ ಶಿರಸಂಗಿ ಲಿಂಗರಾಜ ದೇಸಾಯಿ. ಅವರ ಹೆಸರಿನ ಕಾಲೇಜು ಬೆಳಗಾವಿಯಲ್ಲಿದೆ, ಪ್ರತಿ ವರ್ಷ ಜನವರಿ 10ರಂದು ಜಯಂತಿ ನಡೆಯುತ್ತದೆ. ದಾನಿಯೆಂದು ಅವರನ್ನು ಎಲ್ಲರೂ ಕೊಂಡಾಡುತ್ತಾರೆ. ಆದರೆ ಅವರು ಕೊಟ್ಟ ಆಸ್ತಿ ಎಂಥದು, ಅದು ಅವರಿಗೆ ಹೇಗೆ ಬಂತು, ಅದನ್ನು ಕೊಡುವುದು ಆ ಕಾಲದಲ್ಲಿ ಎಷ್ಟು ತೊಡಕಿನ ಕೆಲಸವಾಗಿತ್ತು ಎಂಬುದು ಜಯಂತಿಯ ಭಾಷಣಗಳಲ್ಲಿ ಸಾಮಾನ್ಯವಾಗಿ ಬರುವುದಿಲ್ಲ.

ಲಿಂಗರಾಜರು ಹುಟ್ಟಿನಿಂದ ದೇಸಾಯಿಯಲ್ಲ. 1861ರ ಜನವರಿ 10ರಂದು ಅವರು ಜನಿಸಿದ್ದು ಆಗಿನ ಧಾರವಾಡ ಜಿಲ್ಲೆಯ, ಈಗ ಹಾವೇರಿ ಜಿಲ್ಲೆಗೆ ಸೇರಿರುವ ಶಿಗ್ಗಾವಿಯಲ್ಲಿ. ತಂದೆತಾಯಿ ಇಟ್ಟ ಹೆಸರು ರಾಮಪ್ಪ. 1872ರಲ್ಲಿ, ಹನ್ನೊಂದನೆಯ ವಯಸ್ಸಿನಲ್ಲಿ, ಸವದತ್ತಿ ಸೀಮೆಯ ಶಿರಸಂಗಿಯ ದೇಸಗತಿ ಮನೆತನಕ್ಕೆ ದತ್ತಕನಾಗಿ ಹೋದ ಮೇಲೆ ಅವರು ಲಿಂಗರಾಜರಾದರು. ಕಾಳಿಕಾದೇವಿಯ ಗುಡಿಯಿಂದ ಹೆಸರಾದ ಆ ಊರಿನಲ್ಲಿ ದೇಸಾಯರ ವಾಡೆಯಿತ್ತು; ಮಲಪ್ರಭೆಯ ಆಚೆ ನವಲಗುಂದದವರೆಗೆ ಮನೆತನದ ಹಕ್ಕು ಹಬ್ಬಿತ್ತು. ಒಂದು ಮನೆಯ ಹುಡುಗ ಇನ್ನೊಂದು ಮನೆಯ ಮಗನಾದ ಒಂದೇ ದಿನದಲ್ಲಿ ಇಷ್ಟೆಲ್ಲಕ್ಕೂ ಮುಂದಿನ ಒಡೆಯನಾದ. ಪಿತ್ರಾರ್ಜಿತ ಆಸ್ತಿಯೆಂಬುದು ಎಷ್ಟರಮಟ್ಟಿಗೆ ಆಕಸ್ಮಿಕ ಎಂಬುದನ್ನು ಅರಿಯಲು ಇದಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ.

ದೇಸಾಯಿ ಎಂದರೆ ಮೂಲತಃ ಅಧಿಕಾರಿ. ಪರಗಣೆಯೊಂದರ ಕಂದಾಯ ವಸೂಲಿ, ಸಾಗುವಳಿಯ ವಿಸ್ತರಣೆ, ಶಾಂತಿಪಾಲನೆ ಅವನ ಹೊಣೆ; ಲೆಕ್ಕಪತ್ರ ದೇಶಪಾಂಡೆಯದು. ಈ ಸೇವೆಗೆ ಪ್ರತಿಯಾಗಿ ದೊರೆಯುತ್ತಿದ್ದ ಜಮೀನು, ನಗದು, ಮಾನಮರ್ಯಾದೆಗಳ ಒಟ್ಟು ಮೊತ್ತಕ್ಕೆ ವತನವೆಂದು ಹೆಸರು. ಬಿಜಾಪುರದ ಆದಿಲಶಾಹಿ, ಮರಾಠರು ಹೀಗೆ ಆಳುವವರು ಬದಲಾದರೂ ಊರಿನ ಲೆಕ್ಕ ಬಲ್ಲ ಈ ಮನೆತನಗಳು ಉಳಿದುಕೊಂಡವು. ಹುದ್ದೆ ತಂದೆಯಿಂದ ಮಗನಿಗೆ ಬಂತು, ಹುದ್ದೆಯ ಜೊತೆಗೆ ಜಮೀನೂ ಬಂತು. 1818ರಲ್ಲಿ ಪೇಶ್ವೆಯ ಆಳ್ವಿಕೆ ಕೊನೆಗೊಂಡು ಕಂಪನಿ ಸರ್ಕಾರ ರೈತನಿಂದ ನೇರವಾಗಿ ಕಂದಾಯ ಎತ್ತತೊಡಗಿದ ಮೇಲೆ ದೇಸಾಯಿಗೆ ಕೆಲಸವೇ ಇಲ್ಲವಾಯಿತು. ಕೆಲಸ ಹೋಯಿತು, ಜಮೀನು ಮಾತ್ರ ಉಳಿಯಿತು. ಹೀಗೆ ಸಂಬಳವಾಗಿದ್ದದ್ದು ಆಸ್ತಿಯಾಯಿತು.

ಇಂತಹ ಆಸ್ತಿಯ ಮೇಲೆ ಸರ್ಕಾರ ತನ್ನ ಹಕ್ಕು ಹೇಳುತ್ತಿದ್ದುದು ಒಡೆಯನ ಸಾವಿನ ಹೊತ್ತಿನಲ್ಲಿ. ಮರಾಠರ ಕಾಲದಲ್ಲಿ ವಾರಸುದಾರ, ಅದರಲ್ಲೂ ದತ್ತಕ, ಅಧಿಕಾರಕ್ಕೆ ಬರುವಾಗ ನಜರಾಣೆ ಸಲ್ಲಿಸಿ ಮಾನ್ಯತೆ ಪಡೆಯಬೇಕಿತ್ತು. ಇಂದಿನ ಮಾತಿನಲ್ಲಿ ಹೇಳುವುದಾದರೆ ಅದು ಒಂದು ಬಗೆಯ ಪಿತ್ರಾರ್ಜಿತ ತೆರಿಗೆಯೇ. ಕಂಪನಿ ಸರ್ಕಾರ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು: ಹೊಟ್ಟೆಯಲ್ಲಿ ಹುಟ್ಟಿದ ಮಗನಿಲ್ಲದೆ ಒಡೆಯ ಸತ್ತರೆ ಸಂಸ್ಥಾನವೇ ತನ್ನದೆಂದಿತು. 1824ರಲ್ಲಿ ಕಿತ್ತೂರಿನ ಶಿವಲಿಂಗರುದ್ರ ಸರ್ಜ ತೀರಿಕೊಂಡಾಗ ಧಾರವಾಡದ ಕಲೆಕ್ಟರ್ ಥ್ಯಾಕರೆ ದತ್ತಕವನ್ನು ಒಪ್ಪದೆ ಖಜಾನೆಗೆ ಬೀಗಮುದ್ರೆ ಹಾಕಲು ಹೊರಟ. ಅಕ್ಟೋಬರ್ 23ರ ಕಾಳಗದಲ್ಲಿ ಅವನು ಸತ್ತ, ಡಿಸೆಂಬರಿನಲ್ಲಿ ಕಿತ್ತೂರು ಬಿತ್ತು, ರಾಣಿ ಚೆನ್ನಮ್ಮ 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ಕಣ್ಣುಮುಚ್ಚಿದಳು. 34 ವರ್ಷಗಳ ನಂತರ ನವಲಗುಂದದ ನೆರೆಯ ನರಗುಂದದಲ್ಲಿ ಅದೇ ಕಥೆ. ಬಾಬಾಸಾಹೇಬ ಭಾವೆಯ ದತ್ತಕದ ಕೋರಿಕೆಯನ್ನು ಸರ್ಕಾರ ತಳ್ಳಿಹಾಕಿತ್ತು. 1858ರಲ್ಲಿ ಅವನು ಬಂಡೆದ್ದ, ಬ್ರಿಟಿಷ್ ಅಧಿಕಾರಿ ಮ್ಯಾನ್ಸನ್ ಕೊಲೆಯಾದ, ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಲಾಯಿತು. ಶಿರಸಂಗಿಯ ವಾಡೆಯಲ್ಲಿ ಇದ್ದವರಿಗೆ ಇವೆರಡೂ ದೂರದ ಸುದ್ದಿಗಳಲ್ಲ.

ಎರಡು ಯುದ್ಧಗಳ ನಂತರ ಸರ್ಕಾರ ಪಾಠ ಕಲಿಯಿತು. 1863ರ ಮುಂಬಯಿ ಕಾಯ್ದೆಗಳು ಮತ್ತು ಅವುಗಳ ಬೆನ್ನಿಗೇ ದೇಸಾಯಿ, ದೇಶಪಾಂಡೆಯರ ವತನಗಳ ಬಗ್ಗೆ ಆದ ಇತ್ಯರ್ಥಗಳು ಜಗಳವನ್ನು ಲೆಕ್ಕಕ್ಕೆ ಇಳಿಸಿದವು. ವತನದಾರ ಹಳೆಯ ಸೇವೆ ಮಾಡಬೇಕಿಲ್ಲ, ಬದಲಿಗೆ ವರ್ಷಕ್ಕಿಷ್ಟು ಜೂಡಿ ಕೊಡಬೇಕು. ಅದರ ಮೇಲೆ ಆಕಾರದ ರೂಪಾಯಿಗೆ ಒಂದಾಣೆಯಂತೆ ವಾರ್ಷಿಕ ನಜರಾಣೆ ಕಟ್ಟಿದರೆ ದತ್ತಕಕ್ಕೆ ಯಾರ ಅಡ್ಡಿಯೂ ಇಲ್ಲ. ಸಾವಿನ ಹೊತ್ತಿನಲ್ಲಿ ಒಮ್ಮೆಗೇ ಎತ್ತುತ್ತಿದ್ದುದನ್ನು ಕಂತಿನಲ್ಲಿ ಎತ್ತುವ ಉಪಾಯವಿದು. ಚೆನ್ನಮ್ಮನಿಗೆ ಕತ್ತಿ ಹಿಡಿದರೂ ದಕ್ಕದ ಹಕ್ಕು ನಾಲ್ಕು ದಶಕಗಳ ನಂತರ ಒಂದಾಣೆಗೆ ದೊರೆಯುವಂತಾಗಿತ್ತು. ಶಿಗ್ಗಾವಿಯ ಬಾಲಕ 1872ರಲ್ಲಿ ಶಿರಸಂಗಿಗೆ ಬಂದದ್ದು ಈ ಬದಲಾದ ಕಾಲದಲ್ಲಿ.

ಅವರು ಪ್ರಾಯಕ್ಕೆ ಬರುವ ಹೊತ್ತಿಗೆ, 1876ರಿಂದ 1878ರವರೆಗೆ, ದಖ್ಖನಿನ ಮಹಾಕ್ಷಾಮ ಬಂತು. ಆಗ ಕಲಾದಗಿ ಜಿಲ್ಲೆಯೆಂದು ಕರೆಯುತ್ತಿದ್ದ ಇಂದಿನ ವಿಜಯಪುರ ಮತ್ತು ಬಾಗಲಕೋಟೆ ಪ್ರದೇಶ ಮುಂಬಯಿ ಪ್ರಾಂತ್ಯದಲ್ಲೇ ಅತಿ ಹೆಚ್ಚು ತತ್ತರಿಸಿದ ಸೀಮೆಗಳಲ್ಲೊಂದು. ಬೆಳಗಾವಿ, ಧಾರವಾಡಗಳಿಗೂ ಹೊಡೆತ ಬಿತ್ತು. 1899ರಲ್ಲಿ ಮತ್ತೊಂದು ಬರ. ಹೊಲವಿದ್ದವನು ಜೋಳ ಬಿತ್ತಿ ಮುಗಿಲು ನೋಡುವ, ಹೊಲವಿಲ್ಲದವನು ಕಲ್ಲೊಡೆಯುವ ಕಾಮಗಾರಿಗೆ ನಡೆಯುವ ಆ ವರ್ಷಗಳಲ್ಲಿ ದೇಸಗತಿಯ ವರಮಾನವೂ ರೈತ ಬೆಳೆದಷ್ಟೇ. ಜಮೀನ್ದಾರನ ಸಂಪತ್ತು ಎಲ್ಲಿಂದ ಬರುತ್ತದೆ ಎಂಬುದನ್ನು ಮರೆಮಾಚುವುದು ಇಂತಹ ಕಾಲದಲ್ಲಿ ಕಷ್ಟ.

ಆ ಕಾಲದ ಕನ್ನಡ ಸೀಮೆಯ ಇನ್ನೊಂದು ಕೊರತೆ ವಿದ್ಯೆಯದು. ಲಿಂಗರಾಜರು ಬದುಕಿದ್ದಷ್ಟು ಕಾಲ ಮುಂಬಯಿ ಪ್ರಾಂತ್ಯದ ಕನ್ನಡ ಜಿಲ್ಲೆಗಳಲ್ಲಿ ಒಂದೇ ಒಂದು ಪದವಿ ಕಾಲೇಜು ಇರಲಿಲ್ಲ. ಧಾರವಾಡದ ಕರ್ನಾಟಕ ಕಾಲೇಜು ಆರಂಭವಾದದ್ದು 1917ರಲ್ಲಿ. ಅದಕ್ಕೆ ಮೊದಲು ಇಂಡಿ ತಾಲ್ಲೂಕಿನ ಲಚ್ಯಾಣದಂತಹ ಊರಿನ ಹುಡುಗ ಮೆಟ್ರಿಕ್ ಮುಗಿಸಿದನೆಂದರೆ, ಊರ ಪಕ್ಕದಲ್ಲೇ ಹಾದುಹೋಗುವ ಗದಗ-ಹೋಟಗಿ ಮಾರ್ಗದ ರೈಲು ಹತ್ತಿ ಸೊಲ್ಲಾಪುರ ದಾಟಿ ಪುಣೆಗೋ ಮುಂಬಯಿಗೋ ಹೋಗಬೇಕು. ಅಲ್ಲಿ ಮಾತು ಮರಾಠಿ, ಊಟಕ್ಕೆ ಖಾನಾವಳಿಯ ತಿಂಗಳ ಲೆಕ್ಕ, ಜೊತೆಗೆ ಕೋಣೆಯ ಬಾಡಿಗೆ, ಕಾಲೇಜಿನ ಫೀಸು. ಒಬ್ಬ ಹುಡುಗ ಬಿ.ಎ. ಮುಗಿಸುವುದೆಂದರೆ ಸಾಧಾರಣ ಒಕ್ಕಲು ಮನೆತನ ಹೊಲ ಅಡವಿಡುವ ಮಾತು. ಮಾಮಲೇದಾರ, ಮುನಸೀಫ, ವಕೀಲ, ಶಾಲಾ ತನಿಖಾಧಿಕಾರಿ ಇವರೆಲ್ಲ ಕಾಲೇಜು ಕಲಿತವರೇ ಆಗಬೇಕಿದ್ದುದರಿಂದ, ಕಂದಾಯ ಕೊಡುವವರ ಮನೆಯಿಂದ ಕಚೇರಿಯ ಕುರ್ಚಿಗೆ ಹೋದವರು ಬೆರಳೆಣಿಕೆಯಷ್ಟು.

ಈ ಕೊರತೆಯನ್ನು ಕಂಡು ಧಾರವಾಡದಲ್ಲಿ 1883ರಲ್ಲಿ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆಯನ್ನು ಕಟ್ಟಿದವರು ಗಿಲಗಂಚಿ ಗುರುಸಿದ್ದಪ್ಪ, ಅರಟಾಳ ರುದ್ರಗೌಡರು ಮೊದಲಾದವರು. ಬಡ ವಿದ್ಯಾರ್ಥಿಗಳಿಗೆ ನೆರವು ನೀಡುವುದು ಅದರ ಉದ್ದೇಶ. ಲಿಂಗರಾಜರು ಈ ಬಳಗಕ್ಕೆ ಹತ್ತಿರವಾದರು, ದೇಣಿಗೆ ಕೊಟ್ಟರು. ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಆ ಕಾಲದ ದೇಸಾಯಿಗಳಿಗೆ ದಾನ ಹೊಸದಲ್ಲ. ಗುಡಿಗೆ ಗೋಪುರ, ಮಠಕ್ಕೆ ಹೊಲ, ಜಾತ್ರೆಗೆ ದಾಸೋಹ ನಡೆಸುವುದು ಮನೆತನದ ಮರ್ಯಾದೆಯ ಭಾಗವೇ ಆಗಿತ್ತು. ಆದರೆ ಪುಣೆಯಲ್ಲಿ ಓದುವ ಅಪರಿಚಿತ ಹುಡುಗನ ಫೀಸಿಗೆ ಹಣ ಕೊಟ್ಟರೆ ಊರಿನಲ್ಲಿ ಅದರ ಗುರುತು ಕಾಣುವುದಿಲ್ಲ. ಅಂತಹ ದಾನಕ್ಕೆ ಮನಸ್ಸು ಬರಬೇಕಾದರೆ ಬೇರೆಯೇ ಆದ ಲೆಕ್ಕಾಚಾರ ಬೇಕು. 1904ರಲ್ಲಿ ಹಾನಗಲ್ಲ ಕುಮಾರಸ್ವಾಮಿಗಳ ಪ್ರೇರಣೆಯಿಂದ ವೀರಶೈವ ಮಹಾಸಭೆ ಹುಟ್ಟಿ ಧಾರವಾಡದಲ್ಲಿ ಮೊದಲ ಅಧಿವೇಶನ ನಡೆದಾಗ ಅಧ್ಯಕ್ಷ ಪೀಠಕ್ಕೆ ಆರಿಸಿದ್ದು ಲಿಂಗರಾಜರನ್ನೇ. ಆಗ ಅವರಿಗೆ 43 ವರ್ಷ.

ಲಿಂಗರಾಜರಿಗೆ ಮಕ್ಕಳಿರಲಿಲ್ಲ. ಇಂತಹ ಮನೆಗಳಲ್ಲಿ ಮುಂದಿನ ದಾರಿ ಎಲ್ಲರಿಗೂ ಗೊತ್ತಿದ್ದದ್ದೇ: ಬಂಧುಗಳ ಪೈಕಿ ಒಬ್ಬ ಹುಡುಗನನ್ನು ಆರಿಸಿ, ಮುಹೂರ್ತ ನೋಡಿ, ದತ್ತಕ ತೆಗೆದುಕೊಳ್ಳುವುದು. ತಾವೇ ಆ ದಾರಿಯಿಂದ ಬಂದವರು. ಇನ್ನೊಬ್ಬ ರಾಮಪ್ಪ ಇನ್ನೊಬ್ಬ ಲಿಂಗರಾಜನಾಗಿ ದೇಸಗತಿ ಮತ್ತೊಂದು ತಲೆಮಾರಿಗೆ ನಡೆದಿದ್ದರೆ ಯಾರೂ ಹುಬ್ಬೇರಿಸುತ್ತಿರಲಿಲ್ಲ. ಅವರು ಹಾಗೆ ಮಾಡಲಿಲ್ಲ. 1906ರಲ್ಲಿ ಮೃತ್ಯುಪತ್ರ ಬರೆಸಿ ತಮ್ಮ ಸಮಸ್ತ ಆಸ್ತಿಯನ್ನು ಲಿಂಗಾಯತ ಸಮಾಜದ ವಿದ್ಯಾರ್ಥಿಗಳ ಶಿಕ್ಷಣಕ್ಕೆ ಮೀಸಲಿಟ್ಟರು. ಅದೇ ವರ್ಷ ಆಗಸ್ಟ್ 23ರಂದು, 45ನೆಯ ವಯಸ್ಸಿನಲ್ಲಿ, ತೀರಿಕೊಂಡರು.

ಕಾಗದದ ಮೇಲೆ ಇದು ಸರಳವಾಗಿ ಕಾಣುತ್ತದೆ. ಆ ಕಾಲದ ಕಾನೂನಿನಲ್ಲಿ ಸರಳವಲ್ಲ. ಮೃತ್ಯುಪತ್ರವೆಂಬುದೇ ಹಿಂದೂ ಧರ್ಮಶಾಸ್ತ್ರಕ್ಕೆ ಹೊರಗಿನ ವಸ್ತು. ಹತ್ತೊಂಬತ್ತನೆಯ ಶತಮಾನದ ನ್ಯಾಯಾಲಯಗಳು ಅದಕ್ಕೆ ಮೆಲ್ಲಮೆಲ್ಲನೆ ಜಾಗ ಮಾಡಿಕೊಟ್ಟಿದ್ದವು. ಅವಿಭಕ್ತ ಕುಟುಂಬದ ಪಿತ್ರಾರ್ಜಿತವನ್ನು ಒಬ್ಬನೇ ತನ್ನಿಚ್ಛೆಯಂತೆ ಬರೆದುಕೊಡುವಂತಿಲ್ಲ. ವತನವಾದರೆ ಇನ್ನೊಂದು ತೊಡಕು. 1874ರ ಮುಂಬಯಿ ವಂಶಪಾರಂಪರ್ಯ ಹುದ್ದೆಗಳ ಕಾಯ್ದೆಯ ಪ್ರಕಾರ ವತನದಾರ ಸರ್ಕಾರದ ಒಪ್ಪಿಗೆಯಿಲ್ಲದೆ ವತನದ ಜಮೀನನ್ನು ತನ್ನ ಜೀವಿತಾವಧಿಯ ಆಚೆಗೆ ಹೊರಗಿನವರಿಗೆ ಪರಭಾರೆ ಮಾಡುವಂತಿರಲಿಲ್ಲ. ಕಾನೂನು ಆ ಮನೆತನಗಳ ಆಸ್ತಿಗೆ ಕಟ್ಟಿದ ಬೇಲಿಯಿದು. ಆಸ್ತಿ ಮನೆಯೊಳಗೇ ಉಳಿಯಲಿ ಎಂಬುದೇ ಅದರ ಆಶಯ. ಇನ್ನು ಮುಂಬಯಿ ಪ್ರಾಂತ್ಯದಲ್ಲಿ, ಗಂಡ ಬೇಡವೆಂದು ಹೇಳಿರದಿದ್ದರೆ, ವಿಧವೆ ಅವನ ಸಾವಿನ ನಂತರವೂ ದತ್ತಕ ತೆಗೆದುಕೊಳ್ಳಬಹುದಾಗಿತ್ತು. ಎಂದರೆ ಒಡೆಯ ಸತ್ತ ಮೇಲೂ ಹೊಸ ವಾರಸುದಾರ ಹುಟ್ಟಿಕೊಳ್ಳುವ ದಾರಿ ತೆರೆದೇ ಇರುತ್ತಿತ್ತು. ಇಷ್ಟು ದೊಡ್ಡ ಆಸ್ತಿ ಹೊರಗೆ ಹೋಗುವುದನ್ನು ಬಂಧುವರ್ಗ ಸುಮ್ಮನೆ ನೋಡಲಿಲ್ಲ. ಮೃತ್ಯುಪತ್ರ ನ್ಯಾಯಾಲಯದ ಮೆಟ್ಟಿಲೇರಿತು, ವ್ಯಾಜ್ಯ ವರ್ಷಗಟ್ಟಲೆ ನಡೆಯಿತು.

ಬಂಧುಗಳ ತಕರಾರನ್ನು ದುರಾಸೆಯೆಂದು ತಳ್ಳಿಹಾಕುವುದು ಸುಲಭ. ಜೀವನಚರಿತ್ರೆ ಬರೆದವರು ಸಾಮಾನ್ಯವಾಗಿ ಹಾಗೆಯೇ ಮಾಡಿದ್ದಾರೆ. ಆದರೆ ವಾಡೆಯ ಒಳಗಿನಿಂದ ನೋಡಿದರೆ ಚಿತ್ರ ಬೇರೆ. ಆಗಿನ ಹಿಂದೂ ಕಾನೂನಿನಲ್ಲಿ ವಿಧವೆಗೆ ಗಂಡನ ಆಸ್ತಿಯ ಮೇಲೆ ಇದ್ದುದು ಹೆಚ್ಚೆಂದರೆ ಜೀವನಪರ್ಯಂತದ ಸೀಮಿತ ಹಕ್ಕು. ಅವಿಭಕ್ತ ಕುಟುಂಬದಲ್ಲಾದರೆ ಅನ್ನವಸ್ತ್ರದ ಜೀವನಾಂಶವಷ್ಟೇ. ವಿಧವೆಗೆ ಕುಟುಂಬದ ಆಸ್ತಿಯಲ್ಲಿ ಪಾಲೆಂಬುದು 1937ರ ಕಾಯ್ದೆಯಿಂದ ಬಂತು, ಪೂರ್ಣ ಒಡೆತನ 1956ರಲ್ಲಿ ಬಂತು, ಮಗಳಿಗೆ ಸಮಪಾಲನ್ನು ಕರ್ನಾಟಕ ಕೊಟ್ಟದ್ದು 1994ರಲ್ಲಿ. ಅದಕ್ಕೆ ಮೊದಲು ಇಂತಹ ಮನೆತನಗಳ ಹೆಣ್ಣುಮಕ್ಕಳಿಗೆ ದತ್ತಕವೆಂಬುದು ವಂಶೋದ್ಧಾರಕ್ಕಿಂತ ಹೆಚ್ಚಾಗಿ ಮನೆಯಲ್ಲಿ ತಮ್ಮ ಸ್ಥಾನ ಉಳಿಸಿಕೊಳ್ಳುವ ಉಪಾಯ. ಆಸ್ತಿ ಪೂರ್ತಿ ಸಾರ್ವಜನಿಕರಿಗೆ ಹೋಗುವಾಗ ಕುಟುಂಬದೊಳಗಿನ ದುರ್ಬಲರ ಗತಿಯೇನು ಎಂಬ ಪ್ರಶ್ನೆ ಲಿಂಗರಾಜರ ದಾನಕ್ಕೂ ಅನ್ವಯಿಸುತ್ತದೆ, ತೆರಿಗೆಯ ಕಾನೂನಿಗೂ ಅನ್ವಯಿಸುತ್ತದೆ. ವಿನಾಯಿತಿಯ ಮಿತಿ ಎಲ್ಲಿರಬೇಕು ಎಂದು ತೆರಿಗೆ ವಿಧಿಸುವ ದೇಶಗಳೆಲ್ಲ ತಲೆಕೆಡಿಸಿಕೊಳ್ಳುವುದು ಇದೇ ಕಾರಣಕ್ಕೆ.

ಲಿಂಗರಾಜರ ನಿರ್ಧಾರ ಆ ಕಾಲದ ಜಗತ್ತಿನಲ್ಲಿ ಒಂಟಿ ಘಟನೆಯಾಗಿರಲಿಲ್ಲ. ಅಮೆರಿಕದ ಉಕ್ಕಿನ ದೊರೆ ಆಂಡ್ರ್ಯೂ ಕಾರ್ನೆಗಿ, ದೊಡ್ಡ ಸಂಪತ್ತನ್ನು ಮಕ್ಕಳಿಗೆ ಬಿಡುವುದು ತಪ್ಪೆಂದೂ, ಸಾಯುವವರೆಗೆ ಕೂಡಿಟ್ಟವರ ಆಸ್ತಿಗೆ ಸರ್ಕಾರ ಭಾರೀ ತೆರಿಗೆ ಹಾಕಬೇಕೆಂದೂ 1889ರಲ್ಲಿಯೇ ವಾದಿಸಿದ್ದ. ಬ್ರಿಟನ್ನಿನಲ್ಲಿ 1894ರಲ್ಲಿ ಹಣಕಾಸು ಸಚಿವ ಹಾರ್ಕೋರ್ಟ್ ಹೊಸ ಎಸ್ಟೇಟ್ ಡ್ಯೂಟಿ ತಂದು ಹತ್ತು ಲಕ್ಷ ಪೌಂಡಿಗೂ ಮೀರಿದ ಆಸ್ತಿಗೆ ಶೇ 8ರ ದರ ಹಾಕಿದಾಗ ಶ್ರೀಮಂತವರ್ಗ ಹೌಹಾರಿತ್ತು. ಜಮ್‌ಶೇಟ್‌ಜಿ ಟಾಟಾ 1904ರಲ್ಲಿ ತೀರಿಕೊಂಡಾಗ ವಿಜ್ಞಾನ ಸಂಸ್ಥೆಗೆಂದು ಅವರು ಮೀಸಲಿಟ್ಟಿದ್ದ ಆಸ್ತಿಯ ಯೋಜನೆ ಇನ್ನೂ ಸರ್ಕಾರದ ಕಡತದಲ್ಲಿತ್ತು. 1909ರಲ್ಲಿ ಅದು ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರವಾಯಿತು. ಆದರೆ ಕಾರ್ನೆಗಿ, ಟಾಟಾ ತಾವೇ ಗಳಿಸಿದ್ದನ್ನು ಕೊಟ್ಟವರು. ಲಿಂಗರಾಜರು ಕೊಟ್ಟದ್ದು ತಮಗೆ ಬಂದದ್ದನ್ನು. ತಮ್ಮ ಹೆಸರು, ಮನೆ, ಅಂತಸ್ತು ಎಲ್ಲಕ್ಕೂ ಮೂಲವಾದ ವಾರಸಿಕೆಯ ಸರಪಳಿಯನ್ನು ಅವರು ತಮ್ಮ ಕೊಂಡಿಯಲ್ಲೇ ಕತ್ತರಿಸಿದರು. ಈ ವ್ಯತ್ಯಾಸ ಸಣ್ಣದಲ್ಲ.

ಮೃತ್ಯುಪತ್ರದಿಂದ ಮೈದಳೆದದ್ದು ನವಲಗುಂದ-ಶಿರಸಂಗಿ ಟ್ರಸ್ಟ್. ಅದರ ವಿದ್ಯಾರ್ಥಿವೇತನ ಪಡೆದು ಊರು ಬಿಟ್ಟು ಓದಿದ ಹುಡುಗರು ಮುಂಬಯಿ ಕರ್ನಾಟಕದ ಕಚೇರಿ, ಕೋರ್ಟು, ಶಾಲೆಗಳನ್ನು ಸೇರಿದರು. 1916ರಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ಶಿಕ್ಷಕರು ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿದರು. ಅವರ ಮೊದಲ ಹೈಸ್ಕೂಲಿಗೆ ಗಿಲಗಂಚಿ ಮತ್ತು ಅರಟಾಳರ ಹೆಸರು ಬಂತು. 1933ರಲ್ಲಿ ಆರಂಭಿಸಿದ ಕಾಲೇಜು ಲಿಂಗರಾಜರ ಹೆಸರು ಪಡೆಯಿತು. ಪುಣೆಯ ರೈಲು ಹತ್ತಬೇಕಿದ್ದ ಬೆಳಗಾವಿಯ ಹುಡುಗನಿಗೆ ಕಾಲೇಜು ಊರಿಗೇ ಬರಲು ಲಿಂಗರಾಜರು ಸತ್ತು 27 ವರ್ಷ ಹಿಡಿಯಿತು.

ಇಷ್ಟಾದರೂ ಈ ದಾನವನ್ನು ಇಂದಿನ ಕಣ್ಣಿನಿಂದ ನೋಡುವವರಿಗೆ ಎರಡು ಕೊರತೆಗಳು ಕಾಣದಿರವು. ಮೊದಲನೆಯದು, ಅದು ಒಂದೇ ಸಮುದಾಯಕ್ಕೆ ಮೀಸಲಾದದ್ದು. ನವಲಗುಂದ, ಶಿರಸಂಗಿಯ ಹೊಲಗಳಲ್ಲಿ ದುಡಿದವರು ಎಲ್ಲ ಜಾತಿಯವರು. ಅವರ ಬೆವರಿನಿಂದ ಬಂದ ಗೇಣಿಯ ಫಲ ಹೋದದ್ದು ಒಂದು ಜಾತಿಯ ಮಕ್ಕಳ ಓದಿಗೆ. ಆ ಕಾಲದಲ್ಲಿ ಪ್ರತಿ ಸಮುದಾಯವೂ ತನ್ನ ತನ್ನ ನಿಧಿ, ಹಾಸ್ಟೆಲು ಕಟ್ಟಿಕೊಳ್ಳುತ್ತಿದ್ದುದು ನಿಜ. ಸರ್ಕಾರ ಕೈಚೆಲ್ಲಿದ್ದ ಕೆಲಸವನ್ನು ಜಾತಿ ಸಂಘಗಳು ಮಾಡಿದವು. ಆದರೂ ಕೊಡುವವನ ಇಚ್ಛೆಯ ಮೇಲೆ ನಿಂತ ದಾನಕ್ಕೆ ಕೊಡುವವನ ಗಡಿಗಳೂ ಇರುತ್ತವೆ. ಎರಡನೆಯದು, ಹೊಲ ಉಳುವವನಿಗೆ ಒಡೆಯ ಬದಲಾದನೇ ಹೊರತು ಗೇಣಿ ತಪ್ಪಲಿಲ್ಲ. ಉಳುವವನ ಪ್ರಶ್ನೆಗೆ ಉತ್ತರ ಕೊಡಬೇಕಾದದ್ದು ಕಾನೂನು. ಅದು ಬಂದದ್ದು 1948ರ ಮುಂಬಯಿ ಗೇಣಿ ಕಾಯ್ದೆಯಿಂದ ಮೊದಲುಗೊಂಡು 1974ರ ಕರ್ನಾಟಕ ಭೂಸುಧಾರಣೆಯವರೆಗೆ, ಕಂತು ಕಂತಾಗಿ.

ಇದೇ ಹೊತ್ತಿನಲ್ಲಿ ವಿಜಯಪುರ ಜಿಲ್ಲೆ ಹಿಡಿದ ದಾರಿ ಹೋಲಿಕೆಗೆ ತಕ್ಕುದು. ಅಲ್ಲಿನ ವಿದ್ಯಾಪ್ರಸಾರಕ್ಕೆ ಶಿರಸಂಗಿಯಂತೆ ಇಡೀ ದೇಸಗತಿಯೊಂದು ದೊರೆಯಲಿಲ್ಲ. 1910ರಲ್ಲಿ ಬಿ.ಎಲ್.ಡಿ.ಇ. ಸಂಸ್ಥೆಯನ್ನು ಹುಟ್ಟುಹಾಕಿದ ಫ.ಗು. ಹಳಕಟ್ಟಿಯವರು ಧಾರವಾಡದಿಂದ ಬಂದು ನೆಲೆಸಿದ ವಕೀಲರು. ವಚನಗಳ ಮುದ್ರಣಕ್ಕೆ ಮನೆಯನ್ನೂ ಮಾರಿ, 1964ರಲ್ಲಿ ಬಡತನದಲ್ಲಿಯೇ ತೀರಿಕೊಂಡರು. ಆ ಸಂಸ್ಥೆಯನ್ನು ಮುಂದೆ ಅಧ್ಯಕ್ಷರಾಗಿ ಬೆಳೆಸಿದವರು ಇಂಡಿ ಸೀಮೆಯ ಬಂಥನಾಳದ ಸಂಗನಬಸವ ಶಿವಯೋಗಿಗಳು. ಲಚ್ಯಾಣದ ಸಿದ್ಧಲಿಂಗ ಮಹಾರಾಜರ ಪರಂಪರೆಯೊಂದಿಗೆ ಬೆಸೆದುಕೊಂಡ ಮಠದವರು. ಬೆಳಗಾವಿಯಲ್ಲಿ ಒಬ್ಬ ದೇಸಾಯಿಯ ಸಹಿಯಿಂದ ಆದದ್ದು ಇಲ್ಲಿ ಜೋಳಿಗೆಯಿಂದ, ಸಾವಿರಾರು ಮಂದಿಯ ಸಣ್ಣ ಕಾಣಿಕೆಯಿಂದ ಆಯಿತು. ಸಾರ್ವಜನಿಕ ಕೆಲಸಕ್ಕೆ ಎಲ್ಲರಿಂದಲೂ ಅಷ್ಟಿಷ್ಟು ಎತ್ತುವುದಕ್ಕೂ ತೆರಿಗೆಗೂ ನಡುವಿನ ಅಂತರ ಬಹಳವಿಲ್ಲ. ಒಂದರಲ್ಲಿ ಒತ್ತಾಯವಿದೆ, ಇನ್ನೊಂದರಲ್ಲಿ ಇಲ್ಲ.

ಲಿಂಗರಾಜರು ತಮ್ಮ ಆಸ್ತಿಯನ್ನು ದತ್ತಕನಿಗೆ ಬಿಟ್ಟಿದ್ದರೆ ಅದರ ಗತಿ ಏನಾಗುತ್ತಿತ್ತೆಂದು ಊಹಿಸುವುದು ಕಷ್ಟವಲ್ಲ. 1950ರ ಕಾಯ್ದೆ ಮುಂಬಯಿ ಪ್ರಾಂತ್ಯದ ಪರಗಣಾ ವತನಗಳನ್ನು ರದ್ದು ಮಾಡಿತು. ಹಲವು ಶತಮಾನಗಳ ದೇಸಗತಿ ಆ ಕಾಯ್ದೆಯೊಂದಿಗೆ ಚರಿತ್ರೆಗೆ ಸೇರಿತು. 1953ರ ಅಕ್ಟೋಬರ್ 15ರಿಂದ ಎಸ್ಟೇಟ್ ಡ್ಯೂಟಿ ಕಾಯ್ದೆ ಜಾರಿಗೆ ಬಂದು, ಸ್ವತಂತ್ರ ಭಾರತ ಮೊದಲ ಬಾರಿಗೆ ಸತ್ತವರ ಆಸ್ತಿಯ ಮೇಲೆ ತೆರಿಗೆ ಹಾಕಿತು. ಆರಂಭದಲ್ಲಿ ಅವಿಭಕ್ತ ಕುಟುಂಬದ ಪಾಲಿಗೆ 50,000 ರೂಪಾಯಿ, ಉಳಿದ ಆಸ್ತಿಗೆ ಒಂದು ಲಕ್ಷದವರೆಗೆ ವಿನಾಯಿತಿ ಇತ್ತು. ಮುಂದೆ ದರ ಏರುತ್ತ ಹೋಗಿ, 20 ಲಕ್ಷ ಮೀರಿದ ಭಾಗಕ್ಕೆ ಶೇ 85ನ್ನು ಮುಟ್ಟಿತು. ಕೃಷಿ ಭೂಮಿ ರಾಜ್ಯಗಳ ಪಟ್ಟಿಯಲ್ಲಿದ್ದುದರಿಂದ ರಾಜ್ಯಗಳು ಒಪ್ಪಿದ ಕಡೆ ಮಾತ್ರ ಅದು ತೆರಿಗೆಗೆ ಒಳಪಟ್ಟಿತು. ಧರ್ಮಾರ್ಥ ದಾನಕ್ಕೂ ವಿನಾಯಿತಿ ಸಿಗಬೇಕಾದರೆ ದಾನಿ ಸಾಯುವುದಕ್ಕೆ ಕನಿಷ್ಠ ಆರು ತಿಂಗಳ ಮೊದಲೇ ಕೊಟ್ಟಿರಬೇಕಿತ್ತು. ಸಾವಿನ ನಂತರ ಜಾರಿಗೆ ಬರುವ ಮೃತ್ಯುಪತ್ರಕ್ಕೆ ಆ ಅನುಕೂಲವಿಲ್ಲ.

ಇಷ್ಟು ಕಠಿಣವಾಗಿ ಕಂಡ ಕಾನೂನು ವಸೂಲು ಮಾಡಿದ್ದು ಅತ್ಯಲ್ಪ. ಬಲ್ಲವರು ಸಾಯುವ ಮೊದಲೇ ಆಸ್ತಿ ಹಂಚಿದರು, ಕುಟುಂಬ ವಿಭಜನೆಯ ಪತ್ರ ಮಾಡಿಕೊಂಡರು, ಖಾಸಗಿ ಟ್ರಸ್ಟುಗಳನ್ನು ಕಟ್ಟಿಕೊಂಡರು. ಸಿಕ್ಕಿಬಿದ್ದವರು ಹೆಚ್ಚಾಗಿ ಅನಿರೀಕ್ಷಿತವಾಗಿ ಮನೆಯ ಯಜಮಾನನನ್ನು ಕಳೆದುಕೊಂಡ ಮಧ್ಯಮ ವರ್ಗದವರು. ಹಣಕಾಸು ಸಚಿವ ವಿ.ಪಿ. ಸಿಂಗ್ 1985ರ ಮಾರ್ಚ್ 16ರ ಬಜೆಟ್ಟಿನಲ್ಲಿ ಅದನ್ನು ಕೈಬಿಟ್ಟಾಗ ವಾರ್ಷಿಕ ವಸೂಲಿ 20 ಕೋಟಿ ರೂಪಾಯಿಯ ಆಸುಪಾಸಿನಲ್ಲಿತ್ತು. ಸಂಪತ್ತಿನ ಮೇಲಿನ ವಾರ್ಷಿಕ ತೆರಿಗೆಯನ್ನೂ 2015ರ ಬಜೆಟ್ ಕೊನೆಗೊಳಿಸಿತು. 2024ರ ಚುನಾವಣೆಯಲ್ಲಿ ಹೊಸ ಭೀತಿಯೆಂಬಂತೆ ಕೇಳಿಬಂದ ತೆರಿಗೆ ಈ ದೇಶದಲ್ಲಿ 31 ವರ್ಷ ಜಾರಿಯಲ್ಲಿತ್ತು ಎಂಬುದನ್ನು ಆಗ ನೆನಪಿಸಿದವರು ಕೆಲವರೇ. ತೆರಿಗೆ ಬೇಕೆನ್ನುವವರಿಗೆ ಅದರ ಸೋಲು ಪಾಠವಾಗಬೇಕು. ಬೇಡವೆನ್ನುವವರು ಅದರ ಬದಲಿಗೆ ಶ್ರೀಮಂತರ ಔದಾರ್ಯವನ್ನು ತೋರಿಸುವಾಗ, ದೇಸಗತಿಗಳು ಅನೇಕವಿದ್ದ ಈ ಸೀಮೆಯಲ್ಲಿ ತ್ಯಾಗವೀರ ಎಂಬ ಬಿರುದು ಒಬ್ಬರಿಗೇ ಅಂಟಿಕೊಂಡದ್ದನ್ನೂ ಗಮನಿಸಬೇಕು.

ದೇಸಗತಿ ಹೋಯಿತು, ಜೂಡಿ, ನಜರಾಣೆ ಹೋದವು, ಎಸ್ಟೇಟ್ ಡ್ಯೂಟಿಯೂ ಬಂದು ಹೋಯಿತು. ಲಿಂಗರಾಜರ ಟ್ರಸ್ಟು ಉಳಿದಿದೆ. ಅದರ ಅಧ್ಯಕ್ಷತೆ ಬೆಳಗಾವಿಯ ಜಿಲ್ಲಾಧಿಕಾರಿಯದು. ಶಿರಸಂಗಿಯ ದೇಸಾಯಿಯ ಕಾಲದಲ್ಲಿ ಆ ಕುರ್ಚಿಯಲ್ಲಿ ಕೂತವನನ್ನು ಕಲೆಕ್ಟರ್ ಎನ್ನುತ್ತಿದ್ದರು, ಜಿಲ್ಲೆಯ ಜೂಡಿಯ ಲೆಕ್ಕ ಅವನ ಕಚೇರಿಯಲ್ಲಿರುತ್ತಿತ್ತು.